ಜಮೀನು ಇತ್ತು, ಪಹಣಿ ಇರಲಿಲ್ಲ

ಬಿಇ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಒಂದು ಶುಕ್ರವಾರ ಸಂಜೆ. ರಾತ್ರಿ ಊರಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದೆ, ಬ್ಯಾಗು ಕುರ್ಚಿ ಪಕ್ಕದಲ್ಲೇ ಇತ್ತು. ಆಗ ಬಂತು ಒಂದು ಮೇಲ್: ಸರ್ವರ್ ಒಂದರಲ್ಲಿ /ವಾರ್ ನೂರಕ್ಕೆ ನೂರು ತುಂಬಿದೆ, ಯಾರಾದ್ರೂ ಸ್ವಲ್ಪ ನೋಡಿ. ಹೊಸಬನಿಗೆ ಇಂಥ ಮೇಲ್ ಅಂದ್ರೆ ಹಬ್ಬ. ನಾನೇ ನೋಡ್ತೀನಿ ಅಂತ ಉತ್ತರ ಹಾಕಿ ಲಾಗಿನ್ ಆದೆ.

ಅದು ಉಬುಂಟು ಸರ್ವರ್. /ವಾರ್/ಕ್ಯಾಶ್/ಎಪಿಟಿ/ಆರ್ಕೈವ್ಸ್ ಅನ್ನೋ ಡೈರೆಕ್ಟರಿಯಲ್ಲಿ ಎಂದೋ ಡೌನ್‌ಲೋಡ್ ಆದ ಪ್ಯಾಕೇಜುಗಳು ರಾಶಿ ಬಿದ್ದಿದ್ದವು. ಇನ್‌ಸ್ಟಾಲ್ ಆದಮೇಲೆ ಇವು ಬೇಕಾಗಲ್ಲ ಅಂತ ಎಲ್ಲೋ ಓದಿದ್ದೆ. ಅಳಿಸಿದೆ. ಒಂದಿಷ್ಟು ಜಾಗ ಸಿಕ್ಕಿತು, ಸಾಲಲಿಲ್ಲ. ಇನ್ನೂ ಹುಡುಕಿದಾಗ ಕಂಡಿದ್ದು /ವಾರ್/ಲಿಬ್/ಡಿಪಿಕೆಜಿ. ಅದರೊಳಗೆ ಸಾವಿರಾರು ಚಿಕ್ಕಚಿಕ್ಕ ಫೈಲುಗಳು. ಇದೂ ಪ್ಯಾಕೇಜಿಗೆ ಸಂಬಂಧಪಟ್ಟಿದ್ದೇ, ಅದೂ ಪ್ಯಾಕೇಜಿಗೆ ಸಂಬಂಧಪಟ್ಟಿದ್ದೇ. ಅದು ಹೋದಮೇಲೆ ಇದ್ಯಾಕೆ ಇರಬೇಕು ಅಂತ ಇದನ್ನೂ ಅಳಿಸಿದೆ.

ಏನೂ ಆಗಲಿಲ್ಲ. ವೆಬ್‌ಸೈಟ್ ಓಡ್ತಾ ಇತ್ತು, ಡೇಟಾಬೇಸ್ ಉತ್ತರ ಕೊಡ್ತಾ ಇತ್ತು. ಖುಷಿಯಾಗಿ, ಕೊನೆಗೊಂದು ಸಲ ಅಪ್‌ಡೇಟ್ ಓಡಿಸಿ ಹೊರಡೋಣ ಅಂದುಕೊಂಡೆ. ಬೀಗದ ಫೈಲ್ ತೆರೆಯೋಕೆ ಆಗ್ತಿಲ್ಲ, ಅಂಥ ಡೈರೆಕ್ಟರಿಯೇ ಇಲ್ಲ ಅಂತ ಬಂತು. ಇನ್ನೊಂದು ಕಮಾಂಡ್ ಕೊಟ್ಟೆ, ಅದೇ ಉತ್ತರ. ಪಕ್ಕದ ಸಾಲಿನಲ್ಲಿದ್ದ ಹಿರಿಯರೊಬ್ಬರನ್ನ ಕರೆದೆ. ಅವರು ಬಗ್ಗಿ ನೋಡಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಬಸ್ಸು ಮರೆತುಬಿಡಪ್ಪ" ಅಂದರು.

ನಾನು ಅಳಿಸಿದ್ದು ಪ್ರೋಗ್ರಾಮುಗಳನ್ನಲ್ಲ, ಪ್ರೋಗ್ರಾಮುಗಳ ಲೆಕ್ಕವನ್ನ. ಈ ಯಂತ್ರದಲ್ಲಿ ಯಾವ್ಯಾವ ಪ್ಯಾಕೇಜು ಇದೆ, ಯಾವ ಆವೃತ್ತಿ, ಯಾವ ಫೈಲು ಯಾವ ಪ್ಯಾಕೇಜಿಗೆ ಸೇರಿದ್ದು, ಯಾವುದನ್ನ ತೆಗೆದರೆ ಯಾವುದು ಕೆಡುತ್ತೆ, ಎಲ್ಲಾ ಅಲ್ಲಿ ಬರೆದಿತ್ತು. ನಮ್ಮ ಅದೃಷ್ಟಕ್ಕೆ ಆ ಪಟ್ಟಿಯ ಒಂದು ಪ್ರತಿ ದಿನಾ ರಾತ್ರಿ /ವಾರ್/ಬ್ಯಾಕಪ್ಸ್‌ಗೆ ಹೋಗಿ ಕೂರುವ ಏರ್ಪಾಡು ಡೆಬಿಯನ್ ಮತ್ತು ಉಬುಂಟುವಿನಲ್ಲಿ ಇತ್ತು. ಆ ಪಟ್ಟಿಯಿಂದ ಪ್ಯಾಕೇಜುಗಳ ಹೆಸರು ಎತ್ತಿಕೊಂಡು, ಬೇರೆ ಯಂತ್ರ ಸಿದ್ಧ ಮಾಡಿ, ಎಲ್ಲವನ್ನೂ ಅಲ್ಲಿಗೆ ಸಾಗಿಸುವಷ್ಟರಲ್ಲಿ ಶನಿವಾರ ಮಧ್ಯಾಹ್ನ.

ಯಾಕೋ ಬರಲಿಲ್ಲ ಅಂತ ಅಪ್ಪ ಫೋನ್ ಮಾಡಿದರು. ಅವರಿಗೆ ಅರ್ಥ ಆಗೋ ಹಾಗೆ ಹೇಳೋಣ ಅಂತ ಒದ್ದಾಡಿದೆ. ಯಂತ್ರ ಇದೆ, ಒಳಗಿನ ಸಾಮಾನೂ ಇದೆ, ಆದ್ರೆ ಯಾವುದು ಏನು ಅಂತ ಬರೆದಿಟ್ಟ ಪುಸ್ತಕ ಹೋಯ್ತು ಅಂದೆ. ಅಪ್ಪ ತಕ್ಷಣ, "ಅಂದ್ರೆ ಜಮೀನು ಇದೆ, ಪಹಣಿ ಇಲ್ಲ. ಅಲ್ವೇನೋ?" ಅಂದರು. ಎಂಟು ಸೆಮಿಸ್ಟರಿನಲ್ಲಿ ಯಾರೂ ನನಗೆ ಪ್ಯಾಕೇಜ್ ಡೇಟಾಬೇಸನ್ನ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳೀತು. ಅಳಿಸಬಹುದಾದ್ದು ಕ್ಯಾಶ್‌ನಲ್ಲಿ, ಅಳಿಸಬಾರದ್ದು ಲಿಬ್‌ನಲ್ಲಿ ಅಂತ ಯಾರು ಯಾವಾಗ ತೀರ್ಮಾನ ಮಾಡಿದರು? ಹಿಂದೆ ಹಿಂದೆ ಹೋದರೆ ಕತೆ 1971ಕ್ಕೆ ಮುಟ್ಟುತ್ತೆ.

ಅಮೆರಿಕದ ನ್ಯೂ ಜರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಸಂಗಡಿಗರು ಪಿಡಿಪಿ-11 ಅನ್ನೋ ಯಂತ್ರದ ಮೇಲೆ ಯುನಿಕ್ಸ್ ಬರೀತಿದ್ದ ಕಾಲ. ಮೆಮೊರಿ 24 ಕಿಲೋಬೈಟ್, ಡಿಸ್ಕು 512 ಕಿಲೋಬೈಟ್. ಇವತ್ತು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಆ ಡಿಸ್ಕಿನಲ್ಲಿ ಹಿಡಿಸಲ್ಲ. ಸಿಸ್ಟಮ್ಮಿನ ಪ್ರೋಗ್ರಾಮುಗಳು /ಬಿನ್‌ನಲ್ಲಿ ಇರ್ತಿದ್ದವು. ಬಳಸುವವರ ಸ್ವಂತ ಫೈಲುಗಳು /ಯುಎಸ್‌ಆರ್‌ನಲ್ಲಿ. ಹೆಸರೇ ಹೇಳೋ ಹಾಗೆ ಅದು ಯೂಸರ್‌ಗಳ ಜಾಗ. ಕೆನ್ ಅವರ ಫೈಲುಗಳು /ಯುಎಸ್‌ಆರ್/ಕೆನ್, ರಿಚಿ ಅವರದ್ದು /ಯುಎಸ್‌ಆರ್/ಡಿಎಂಆರ್. ಇದಕ್ಕೆ ಇನ್ನೊಂದು ಡಿಸ್ಕು.

ಪ್ರೋಗ್ರಾಮುಗಳು ಬೆಳೆದು ಮೊದಲ ಡಿಸ್ಕು ತುಂಬಿತು. ಪಕ್ಕದ ಡಿಸ್ಕಿನಲ್ಲಿ ಜಾಗ ಇತ್ತಲ್ಲ, ಉಳಿದದ್ದನ್ನ ಅಲ್ಲಿಟ್ಟರು. ಹಾಗೆ ಹುಟ್ಟಿದ್ದು /ಯುಎಸ್‌ಆರ್/ಬಿನ್ ಅಂತ ಹಳಬರು ಹೇಳ್ತಾರೆ. ಆದ್ರೆ ಒಂದು ತೊಡಕು ಬಂತು. ಯಂತ್ರ ಶುರುವಾದಾಗ ಎರಡನೇ ಡಿಸ್ಕನ್ನ ಜೋಡಿಸೋಕೆ ಮೌಂಟ್ ಅನ್ನೋ ಪ್ರೋಗ್ರಾಮು ಬೇಕು. ಆ ಪ್ರೋಗ್ರಾಮೇ ಎರಡನೇ ಡಿಸ್ಕಿನಲ್ಲಿದ್ದರೆ ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಅದಕ್ಕೇ ಯಂತ್ರ ಎಬ್ಬಿಸೋಕೆ ಬೇಕಾದ ಪ್ರೋಗ್ರಾಮುಗಳು /ಬಿನ್‌ನಲ್ಲಿ, ಉಳಿದವು /ಯುಎಸ್‌ಆರ್/ಬಿನ್‌ನಲ್ಲಿ ಅನ್ನೋ ನಿಯಮ ಆಯ್ತು. ಮುಂದೆ ಬಳಕೆದಾರರನ್ನ ಅಲ್ಲಿಂದ ಎಬ್ಬಿಸಿ /ಹೋಮ್‌ನಂಥ ಬೇರೆ ಜಾಗಕ್ಕೆ ಕಳಿಸಿದರು. ಯೂಸರ್‌ಗಳು ಖಾಲಿ ಮಾಡಿದರೂ ಮನೆಗೆ ಅವರ ಹೆಸರೇ ಉಳೀತು. ಯುಎಸ್‌ಆರ್ ಅಂದ್ರೆ ಯುನಿಕ್ಸ್ ಸಿಸ್ಟಮ್ ರಿಸೋರ್ಸಸ್ ಅಂತ ನಮ್ಮ ಕಾಲೇಜಿನ ನೋಟ್ಸಿನಲ್ಲಿ ಬರೆಸಿದ್ದರು. ಅದು ಆಮೇಲೆ ಕಟ್ಟಿದ ಅರ್ಥ.

ಮುಂದಿನ ತಿರುವು 1980ರ ದಶಕದ ಕೊನೆಯಲ್ಲಿ. ಡಿಸ್ಕುಗಳಿಗೆ ಭಾರೀ ಬೆಲೆ. ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳು ಸ್ವಂತ ಡಿಸ್ಕೇ ಇಲ್ಲದೆ ನೆಟ್‌ವರ್ಕಿನ ಮೇಲೆ ಓಡುವಂತೆ ಮಾಡಿದ್ದರು. ಒಂದು ಸರ್ವರಿನಲ್ಲಿರುವ /ಯುಎಸ್‌ಆರ್ ಅನ್ನ ಹತ್ತಾರು ಯಂತ್ರಗಳು ಹಂಚಿಕೊಂಡು ಓದೋದು. ಎಲ್ಲರೂ ಓದಬೇಕಾದ್ದನ್ನ ಒಬ್ಬರು ತಿದ್ದೋ ಹಾಗಿಲ್ಲ. ಆದ್ರೆ ಲಾಗ್, ಅಂಚೆ, ಪ್ರಿಂಟರಿನ ಸರದಿ ಇವೆಲ್ಲಾ ಅಲ್ಲೀತನಕ /ಯುಎಸ್‌ಆರ್/ಎಡಿಎಂ, /ಯುಎಸ್‌ಆರ್/ಸ್ಪೂಲ್ ಅಂತ ಅದರೊಳಗೇ ಇದ್ದವು, ಕ್ಷಣಕ್ಷಣಕ್ಕೂ ಬದಲಾಗ್ತಿದ್ದವು. ಬದಲಾಗುವ ಇವನ್ನ ಹೊರಗೆ ತಂದು ಒಂದು ಹೊಸ ಜಾಗ ಕೊಟ್ಟರು. ಅದೇ /ವಾರ್. ಇಲ್ಲಿ ವಾರ್ ಅಂದ್ರೆ ಯುದ್ಧ ಅಲ್ಲ, ವೇರಿಯಬಲ್ ಪದದ ಮೊದಲ ಮೂರು ಅಕ್ಷರ. ಬದಲಾಗೋದು ಅಂತ ಮಾತ್ರ ಅರ್ಥ, ಬಿಸಾಡಬಹುದಾದ್ದು ಅಂತ ಅಲ್ಲ. ಆ ಶುಕ್ರವಾರ ನಾನು ಎಡವಿದ್ದು ಈ ಎರಡು ಅರ್ಥಗಳ ಮಧ್ಯೆ.

ಇನ್ನು ಲಿನಕ್ಸ್. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಕೊಟ್ಟಿದ್ದು ಕರ್ನಲ್ ಮಾತ್ರ. ಅದರ ಸುತ್ತ ಪ್ರೋಗ್ರಾಮುಗಳನ್ನ ಸೇರಿಸಿ ಹಂಚುವ ಡಿಸ್ಟ್ರಿಬ್ಯೂಷನ್‌ಗಳು ಒಂದರ ಹಿಂದೆ ಒಂದು ಬಂದವು. 1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಸ್ಲ್ಯಾಕ್‌ವೇರ್ ತಂದರು, ಅದೇ ವರ್ಷ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಘೋಷಿಸಿದರು. ಒಬ್ಬರು ಇಟ್ಟ ಜಾಗದಲ್ಲಿ ಇನ್ನೊಬ್ಬರು ಇಡ್ತಿರಲಿಲ್ಲ. ಒಂದಕ್ಕೆ ಅಂತ ಕಟ್ಟಿದ ಪ್ರೋಗ್ರಾಮು ಇನ್ನೊಂದರಲ್ಲಿ ತನ್ನ ಫೈಲು ಸಿಗದೆ ತಬ್ಬಿಬ್ಬಾಗ್ತಿತ್ತು. ಇದನ್ನ ಸರಿ ಮಾಡೋಣ ಅಂತ 1993ರ ಆಗಸ್ಟಿನಲ್ಲೇ ಕೆಲವರು ಚರ್ಚೆ ಶುರುಮಾಡಿ, 1994ರ ಫೆಬ್ರವರಿ 14ರಂದು ಮೊದಲ ಫೈಲ್‌ಸಿಸ್ಟಮ್ ಸ್ಟ್ಯಾಂಡರ್ಡ್ ಹೊರತಂದರು. ಡೇನಿಯಲ್ ಕ್ವಿನ್ಲನ್ ಅದರ ಮುಂದಾಳು. 1997ರಲ್ಲಿ ಅದು ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್, ಅಂದ್ರೆ ಎಫ್‌ಎಚ್‌ಎಸ್ ಆಯ್ತು. 2004ರಲ್ಲಿ 2.3 ಬಂತು, 2015ರಲ್ಲಿ 3.0.

ಈ ದಾಖಲೆಯನ್ನ ಓದಿ ಅಂತ ನಾನು ಹೊಸಬರಿಗೆಲ್ಲಾ ಹೇಳ್ತೀನಿ. ಅದರ ಜೀವ ಎರಡೇ ಪ್ರಶ್ನೆಗಳಲ್ಲಿದೆ. ಈ ಫೈಲನ್ನ ಬೇರೆ ಯಂತ್ರಗಳ ಜೊತೆ ಹಂಚಿಕೊಳ್ಳಬಹುದಾ, ಇಲ್ವಾ? ಈ ಫೈಲು ತಾನಾಗೇ ಬದಲಾಗುತ್ತಾ, ಇಲ್ಲಾ ಯಾರಾದ್ರೂ ಮೈಗೆ ಹಚ್ಚಿಕೊಂಡು ಬದಲಾಯಿಸಿದರೆ ಮಾತ್ರ ಬದಲಾಗುತ್ತಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಜಾಗ ಬಹುಪಾಲು ಸಿಕ್ಕ ಹಾಗೇ. ಆಮೇಲೆ /ವಾರ್ ಒಳಗೇ ಇನ್ನೊಂದು ಗೆರೆ. ಕ್ಯಾಶ್‌ನಲ್ಲಿ ಇರೋದು ಕಳೆದುಹೋದರೆ ಪ್ರೋಗ್ರಾಮು ಅದನ್ನ ಮತ್ತೆ ಮಾಡಿಕೊಳ್ಳಬೇಕು ಅಥವಾ ಮತ್ತೆ ತರಿಸಿಕೊಳ್ಳಬೇಕು, ಯಾರೂ ಏನೂ ಕಳೆದುಕೊಳ್ಳಬಾರದು. ಲಿಬ್‌ನಲ್ಲಿ ಇರೋದು ಪ್ರೋಗ್ರಾಮಿನ ನೆನಪು, ಅದಕ್ಕೆ ಆ ಖಾತರಿ ಇಲ್ಲ. ಬಳಸುವವರು ಕೈಯಾರೆ ತಿದ್ದಬೇಕಾದ ಸೆಟ್ಟಿಂಗ್‌ಗಳು ಇವೆರಡರಲ್ಲೂ ಇಲ್ಲ, ಅವು /ಇಟಿಸಿಗೆ.

ಪ್ಯಾಕೇಜ್ ಮ್ಯಾನೇಜರ್‌ಗಳು ತಮ್ಮ ಪಹಣಿ ಎಲ್ಲಿಟ್ಟವು ಅಂತ ಈ ಗೆರೆ ಹಿಡಿದು ನೋಡಿದರೆ ಮಜಾ ಇದೆ. ಡೆಬಿಯನ್ನಿನದು /ವಾರ್/ಲಿಬ್/ಡಿಪಿಕೆಜಿ, ಡೌನ್‌ಲೋಡ್‌ಗಳು /ವಾರ್/ಕ್ಯಾಶ್‌ನಲ್ಲಿ, ಎಲ್ಲಿಂದ ತರಿಸಬೇಕು ಅನ್ನೋ ವಿಳಾಸಪಟ್ಟಿ /ಇಟಿಸಿಯಲ್ಲಿ. ರೆಡ್ ಹ್ಯಾಟ್‌ನ ಆರ್‌ಪಿಎಂ /ವಾರ್/ಲಿಬ್/ಆರ್‌ಪಿಎಂ. ಆರ್ಚ್‌ನ ಪ್ಯಾಕ್‌ಮ್ಯಾನ್ ಕೂಡ ಹಾಗೇ, /ವಾರ್/ಲಿಬ್/ಪ್ಯಾಕ್‌ಮ್ಯಾನ್. ಸ್ಲ್ಯಾಕ್‌ವೇರ್ ಮಾತ್ರ ತನ್ನ ಪ್ಯಾಕೇಜ್ ಪಟ್ಟಿಯನ್ನ ಬಹಳ ವರ್ಷ /ವಾರ್/ಲಾಗ್/ಪ್ಯಾಕೇಜಸ್‌ನಲ್ಲಿ ಇಟ್ಟಿತ್ತು. ಪ್ಯಾಕೇಜಿಗೊಂದು ಸಾದಾ ಪಠ್ಯದ ಫೈಲು, ಯಾರು ಬೇಕಾದ್ರೂ ತೆರೆದು ಓದಬಹುದು, ಚೆಂದವೇ. ಆದ್ರೆ ಡಿಸ್ಕು ತುಂಬಿದಾಗ ನಮ್ಮ ಕೈ ಮೊದಲು ಹೋಗೋದೇ ಲಾಗ್‌ಗಳ ಮೇಲೆ! 2022ರಲ್ಲಿ ಬಂದ 15.0 ಆವೃತ್ತಿಯಲ್ಲಿ ಅವರೂ ಅದನ್ನ /ವಾರ್/ಲಿಬ್/ಪಿಕೆಜಿಟೂಲ್ಸ್‌ಗೆ ಸಾಗಿಸಿದರು. ಹಳೇ ವಿಳಾಸಕ್ಕೆ ಬರುವವರಿಗೆ ದಾರಿ ತಪ್ಪಬಾರದು ಅಂತ ಅಲ್ಲೊಂದು ಸಿಂಬಾಲಿಕ್ ಲಿಂಕ್ ಬಿಟ್ಟಿದ್ದಾರೆ.

ಈ ಲೆಕ್ಕದ ಬೆಲೆ ನನಗೆ ಎರಡನೇ ಸಲ ತಿಳಿದಿದ್ದು 2014ರ ಏಪ್ರಿಲ್‌ನಲ್ಲಿ. 7ನೇ ತಾರೀಕು ಹಾರ್ಟ್‌ಬ್ಲೀಡ್ ಸುದ್ದಿ ಬಂತು. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಒಂದು ತೂತು, ಅದರ ಮೂಲಕ ಸರ್ವರಿನ ಮೆಮೊರಿಯನ್ನ ಹೊರಗಿನವರು ಓದಬಹುದಿತ್ತು. ಕೆಟ್ಟಿದ್ದು 1.0.1ರಿಂದ 1.0.1ಎಫ್ ತನಕ, ಸರಿಯಾಗಿದ್ದು 1.0.1ಜಿಯಲ್ಲಿ. ನೋಡೋಕೆ ಸುಲಭ ಅನ್ನಿಸುತ್ತೆ, ಅಲ್ವಾ? ಸುಲಭ ಇರಲಿಲ್ಲ. ಡೆಬಿಯನ್, ಉಬುಂಟು ಹೊಸ ಆವೃತ್ತಿಗೆ ಜಿಗಿಯಲಿಲ್ಲ. ಹಳೇ ಆವೃತ್ತಿಗೇ ತೇಪೆ ಹಾಕಿ, ಪ್ಯಾಕೇಜಿನ ಬಾಲದ ಸಂಖ್ಯೆಯನ್ನ ಮಾತ್ರ ಏರಿಸಿದರು. ಲೈಬ್ರರಿಯನ್ನೇ ಕೇಳಿದರೆ ತೇಪೆಗೆ ಮುಂಚೆಯೂ ನಂತರವೂ ಅದೇ ಹಳೇ ಸಂಖ್ಯೆ ಹೇಳ್ತಿತ್ತು. ಸುಲಭವಾಗಿ ನಿಜ ತಿಳಿಯೋಕೆ ಇದ್ದ ಜಾಗ /ವಾರ್/ಲಿಬ್/ಡಿಪಿಕೆಜಿ. ಆ ರಾತ್ರಿ ಒಂದೊಂದೇ ಯಂತ್ರದ ಪಹಣಿ ತೆಗೆಸಿ ನೋಡುವಾಗ, ಹಿಂದೆ ನಾನು ಖಾಲಿ ಮಾಡಿದ್ದ ಯಂತ್ರ ಹಾಗೇ ಓಡ್ತಾ ಇದ್ದಿದ್ರೆ ಏನಾಗ್ತಿತ್ತು ಅಂತ ಬೆವರಿದೆ. ಅದು ಕೆಟ್ಟಿದೆಯೋ ಸರಿ ಇದೆಯೋ ಹೇಳೋಕೂ ಆಗ್ತಿರಲಿಲ್ಲ, ರಿಪೇರಿ ಪ್ಯಾಕೇಜ್ ಹಾಕೋಕೂ ಆಗ್ತಿರಲಿಲ್ಲ.

ಹಾಗಾದ್ರೆ /ವಾರ್/ಲಿಬ್ ಸರಿಯಾದ ಜಾಗ, ಕತೆ ಮುಗೀತು ಅಂದುಕೊಂಡಿದ್ದೆ. ಆರ್‌ಪಿಎಂನವರು ಅದನ್ನೂ ಕದಲಿಸಿದರು. ಈಗ ಇಡೀ ಸಿಸ್ಟಮ್ಮಿನ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಅಪ್‌ಡೇಟ್ ಕೈಕೊಟ್ಟರೆ ಹಿಂದಕ್ಕೆ ಹೋಗೋ ಅನುಕೂಲ ಇದೆ. ಪ್ರೋಗ್ರಾಮುಗಳಿರೋ /ಯುಎಸ್‌ಆರ್ ಅನ್ನ ನಿನ್ನೆಗೆ ತಿರುಗಿಸಬಹುದು. ಆದ್ರೆ /ವಾರ್ ಅನ್ನ ತಿರುಗಿಸೋ ಹಾಗಿಲ್ಲ, ಅಲ್ಲಿ ಗ್ರಾಹಕರ ಡೇಟಾಬೇಸು, ಅಂಚೆ ಎಲ್ಲಾ ಇರುತ್ತೆ, ಇವತ್ತು ಬಂದ ಆರ್ಡರುಗಳು ಅಳಿಸಿಹೋಗ್ತವೆ. ಆಗ ಪ್ರೋಗ್ರಾಮು ನಿನ್ನೇದು, ಲೆಕ್ಕ ಇವತ್ತಿನದು. ಪಹಣಿ ಒಂದು ಹೇಳುತ್ತೆ, ಹೊಲದಲ್ಲಿ ಇನ್ನೊಂದು ಬೆಳೆ ನಿಂತಿರುತ್ತೆ. ಇದಕ್ಕೆ ಸೂಸೆಯವರು ಮೊದಲು, 2022ರ ಫೆಡೋರಾ 36ರಲ್ಲಿ ಫೆಡೋರಾದವರು, ಆರ್‌ಪಿಎಂ ಡೇಟಾಬೇಸನ್ನ /ಯುಎಸ್‌ಆರ್/ಲಿಬ್/ಸಿಸ್‌ಇಮೇಜ್/ಆರ್‌ಪಿಎಂಗೆ ಸಾಗಿಸಿದರು. ಲೆಕ್ಕ ಯಾವುದರ ಬಗ್ಗೆಯೋ ಅದರ ಜೊತೆಗೇ ಇರಲಿ ಅನ್ನೋ ವಾದ. ಯೋಚನೆ ಮಾಡಿದರೆ ಸರಿಯೇ. ಪ್ಯಾಕೇಜ್ ಪಟ್ಟಿ ಬದಲಾಗೋದು ಯಾವಾಗ? ಪ್ಯಾಕೇಜು ಬದಲಾದಾಗ ಮಾತ್ರ. ಅಂದಮೇಲೆ ಅದು ಲಾಗ್‌ನ ಹಾಗೆ ತಾನಾಗೇ ಬದಲಾಗೋದು ಅಲ್ಲವೇ ಅಲ್ಲ.

1971ರ ಆ ಒಡಕೂ ಕಡೆಗೆ ಮುಚ್ಚಿತು. ಡಿಸ್ಕು ಸಾಲದ ಕಾರಣ ಯಾವತ್ತೋ ಹೋಗಿತ್ತು, ಆದ್ರೆ /ಬಿನ್ ಬೇರೆ, /ಯುಎಸ್‌ಆರ್/ಬಿನ್ ಬೇರೆ ಅನ್ನೋ ಪದ್ಧತಿ ನಾಲ್ಕು ದಶಕ ನಡೀತು. 2012ರಲ್ಲಿ ಫೆಡೋರಾ 17 ಎರಡನ್ನೂ ಒಂದು ಮಾಡಿತು, /ಬಿನ್ ಅನ್ನೋದು /ಯುಎಸ್‌ಆರ್/ಬಿನ್ ಕಡೆ ಬೆರಳು ತೋರಿಸುವ ಲಿಂಕ್ ಆಯ್ತು. ಡೆಬಿಯನ್‌ಗೆ ಇದು ಅಷ್ಟು ಸಲೀಸಾಗಲಿಲ್ಲ. ಯಾಕೆ ಅಂತೀರಾ? ಅಲ್ಲೂ ಪಹಣಿಯದೇ ತಕರಾರು. ಫೈಲು ಈಗ ಇರೋದು /ಯುಎಸ್‌ಆರ್/ಬಿನ್‌ನಲ್ಲಿ, ಡಿಪಿಕೆಜಿಯ ಲೆಕ್ಕದಲ್ಲಿ ಇನ್ನೂ /ಬಿನ್. ಎರಡೂ ಒಂದೇ ಜಾಗ ಅಂತ ಡಿಪಿಕೆಜಿಗೆ ಗೊತ್ತಿಲ್ಲ. ಒಂದು ಫೈಲು ಒಂದು ಪ್ಯಾಕೇಜಿನಿಂದ ಇನ್ನೊಂದಕ್ಕೆ ಹೋಗುವಾಗಲೇ ಜಾಗವನ್ನೂ ಬದಲಿಸಿದರೆ, ಹಳೇದನ್ನ ತೆಗೀತೀನಿ ಅಂತ ಹೊಸದನ್ನೇ ಅಳಿಸಿಬಿಡುವ ಸಂಭವ. ಡಿಪಿಕೆಜಿ ನೋಡಿಕೊಳ್ಳುವವರು ಇದನ್ನ ಗಟ್ಟಿಯಾಗಿ ವಿರೋಧಿಸಿದರು. ವಿಷಯ ಟೆಕ್ನಿಕಲ್ ಕಮಿಟಿ ತನಕ ಹೋಯ್ತು, ಹಾಗೆ ಫೈಲು ಸಾಗಿಸೋದನ್ನ ಸ್ವಲ್ಪ ಕಾಲ ತಡೆಹಿಡಿದರು. 2023ರ ಡೆಬಿಯನ್ 12ಕ್ಕೆ ಒಂದಾಗಿಸೋದು ಕಡ್ಡಾಯ ಆಯ್ತು. ಬರೀ ಎರಡು ಡೈರೆಕ್ಟರಿ ಸೇರಿಸೋಕೆ ಇಷ್ಟು ಜಗಳನಾ ಅಂತ ನಗಬಹುದು. ಮನೆ ಪಾಲಾಗೋದು ಒಂದು ದಿನದ ಕೆಲಸ, ಮತ್ತೆ ಒಂದಾಗಿಸೋಕೆ ಪತ್ರಗಳನ್ನೆಲ್ಲಾ ತಿದ್ದಿಸಬೇಕು.

ಒಮ್ಮೆ ಇಟ್ಟ ಜಾಗ ಯಾಕೆ ಇಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತೆ ಅನ್ನೋದಕ್ಕೆ ಇನ್ನೂ ಎರಡು ಉದಾಹರಣೆ. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಎಲ್ಕೋ ಡೋಲ್ಸ್ಟ್ರಾ ಶುರುಮಾಡಿದ ನಿಕ್ಸ್, ಈ ಸಂಪ್ರದಾಯವನ್ನೇ ಬಿಟ್ಟು /ನಿಕ್ಸ್/ಸ್ಟೋರ್ ಅಂತ ಬೇರೆ ಊರೇ ಕಟ್ಟಿತು. ಅಲ್ಲಿ ಪ್ರತಿ ಪ್ಯಾಕೇಜಿಗೂ ಸ್ವಂತ ಡೈರೆಕ್ಟರಿ, ಹೆಸರಿನ ಮುಂದೆ ಉದ್ದನೆಯ ಹ್ಯಾಶ್, ಒಂದೇ ಪ್ಯಾಕೇಜಿನ ಎರಡು ಆವೃತ್ತಿ ಅಕ್ಕಪಕ್ಕ ಇದ್ದರೂ ಜಗಳ ಇಲ್ಲ. ಆದ್ರೆ ಆ ಪೂರ್ತಿ ವಿಳಾಸ ಪ್ರೋಗ್ರಾಮುಗಳ ಒಳಗೇ ಅಚ್ಚಾಗಿರುತ್ತೆ. /ನಿಕ್ಸ್/ಸ್ಟೋರ್ ಬೇಡ, ನನಗೆ ಬೇರೆ ಜಾಗ ಬೇಕು ಅಂದ್ರೆ ಅವರು ಕಟ್ಟಿಟ್ಟ ಪ್ಯಾಕೇಜುಗಳು ನಿಮಗೆ ಬರಲ್ಲ, ಎಲ್ಲಾ ಮೊದಲಿಂದ ನೀವೇ ಕಂಪೈಲ್ ಮಾಡಿಕೊಳ್ಳಬೇಕು. 2009ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಗೆ ಅಂತ ಮ್ಯಾಕ್ಸ್ ಹೋವೆಲ್ ಶುರುಮಾಡಿದ ಹೋಮ್‌ಬ್ರೂದೂ ಇದೇ ಪಾಡು. ಮ್ಯಾಕ್‌ನಲ್ಲಿ /ಯುಎಸ್‌ಆರ್/ಲೋಕಲ್ ಆರಿಸಿಕೊಂಡಿತ್ತು. ಲಿನಕ್ಸಿಗೆ ಬಂದಾಗ /ಹೋಮ್/ಲಿನಕ್ಸ್‌ಬ್ರೂ ಅನ್ನೋ ಇಲ್ಲದ ಬಳಕೆದಾರನ ಮನೆ ಹಿಡಿಯಿತು. ಕಟ್ಟಿಟ್ಟ ಪ್ಯಾಕೇಜು ಎಲ್ಲರಿಗೂ ಹೊಂದಬೇಕಾದ್ರೆ ಎಲ್ಲರ ಯಂತ್ರದಲ್ಲೂ ಒಂದೇ ವಿಳಾಸ ಇರಬೇಕಲ್ಲ, ಅದಕ್ಕೆ.

ಗಡಿ ಗುರುತು ಹಾಕದೆ ಇದ್ರೆ ಏನಾಗುತ್ತೆ ಅನ್ನೋದನ್ನ ಪೈಥಾನ್ ಬಳಸೋರು ಚೆನ್ನಾಗಿ ಬಲ್ಲರು. ಸೂಡೂ ಹಾಕಿ ಪಿಪ್ ಓಡಿಸಿದರೆ, ಡಿಸ್ಟ್ರಿಬ್ಯೂಷನ್ ಹಾಕಿದ ಲೈಬ್ರರಿಗಳ ಮೇಲೆ ಅಥವಾ ಅವಕ್ಕಿಂತ ಮುಂದೆ ತನ್ನವನ್ನ ಹಾಕಿಬಿಡ್ತಿತ್ತು. ಅದೇ ಲೈಬ್ರರಿ ನಂಬಿಕೊಂಡ ಸಿಸ್ಟಮ್ಮಿನ ಸಾಧನಗಳು ಮಾರನೇ ದಿನ ಎದ್ದೇಳ್ತಿರಲಿಲ್ಲ. ಒಂದೇ ಹೊಲಕ್ಕೆ ಇಬ್ಬರು ನೇಗಿಲು ಹೂಡಿದ ಹಾಗೆ. ಪೆಪ್ 668 ಬಂದಮೇಲೆ, ಈ ಜಾಗ ಬೇರೆಯವರ ಸುಪರ್ದಿಯಲ್ಲಿದೆ ಅಂತ ಡಿಸ್ಟ್ರಿಬ್ಯೂಷನ್ ಒಂದು ಗುರುತಿನ ಫೈಲ್ ಇಟ್ಟರೆ ಪಿಪ್ ಅದನ್ನ ನೋಡಿ ಹಿಂದೆ ಸರಿಯುತ್ತೆ. ಡೆಬಿಯನ್ 12ರಲ್ಲಿ ಇದನ್ನ ಕಂಡು ಸಿಟ್ಟಾದವರನ್ನ ನೋಡಿದ್ದೀನಿ. ನನಗೆ ಸಿಟ್ಟು ಬರಲಿಲ್ಲ.

ಹೋದ ವರ್ಷ ನಮ್ಮ ಟೀಮಿನಲ್ಲಿ ಒಳಬಳಕೆಗೆ ಒಂದು ಪುಟ್ಟ ಇನ್‌ಸ್ಟಾಲರ್ ಬರೆದೆವು. ಫೈಲುಗಳನ್ನ ಎಲ್ಲಿಡೋಣ ಅಂತ ಚರ್ಚೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು /ಆಪ್ಟ್ ಕೆಳಗೆ ಒಂದೇ ಡೈರೆಕ್ಟರಿ ಮಾಡಿ, ಡೌನ್‌ಲೋಡು, ಲೆಕ್ಕ, ಸೆಟ್ಟಿಂಗು ಎಲ್ಲಾ ಒಂದೇ ಕಡೆ ಇಡೋಣ ಸರ್, ಹುಡುಕೋಕೆ ಸುಲಭ ಅಂದಳು. ತಪ್ಪೇನಿಲ್ಲ, ಹಾಗೆ ಮಾಡುವವರು ಇದ್ದಾರೆ. ನಾನು ಒಂದೇ ಪ್ರಶ್ನೆ ಕೇಳಿದೆ: ಶುಕ್ರವಾರ ಸಂಜೆ ಡಿಸ್ಕು ತುಂಬಿದೆ, ಬಸ್ಸಿಗೆ ಹೊತ್ತಾಗಿದೆ, ಲಾಗಿನ್ ಆದವನು ಹೊಸಬ. ಅವನು ಏನನ್ನ ಅಳಿಸ್ತಾನೆ?

ಅವಳು ಸ್ವಲ್ಪ ಯೋಚಿಸಿ ಬೋರ್ಡಿನ ಮೇಲೆ ಬರೆದಿದ್ದನ್ನ ಒರೆಸಿದಳು. ಡೌನ್‌ಲೋಡು /ವಾರ್/ಕ್ಯಾಶ್‌ಗೆ, ಲೆಕ್ಕ /ವಾರ್/ಲಿಬ್‌ಗೆ, ಸೆಟ್ಟಿಂಗು /ಇಟಿಸಿಗೆ ಹೋಯ್ತು. ಆಮೇಲೆ ಅವಳೇ ಕೇಳಿದಳು, ಲೆಕ್ಕದ ಇನ್ನೊಂದು ಪ್ರತಿ ಎಲ್ಲಿಡೋಣ ಸರ್? ನನಗೆ ಅದು ಹೊಳೆದೇ ಇರಲಿಲ್ಲ. ದಿನಾ ರಾತ್ರಿ ಒಂದು ಪ್ರತಿ ಬೇರೆ ಕಡೆ ಹೋಗೋ ಹಾಗೆ ಮಾಡಿದೆವು.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನ ಹೇಳಿದೆ. ಅವರು ಎದ್ದುಹೋಗಿ ದೇವರ ಕೋಣೆಯ ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಪಹಣಿ ತಂದು ನನ್ನ ಕೈಗೆ ಕೊಟ್ಟರು. "ಬೆಂಗಳೂರಿಗೆ ತಗೊಂಡು ಹೋಗಿ ಒಂದು ಜೆರಾಕ್ಸ್ ಮಾಡಿಸಿ ನಿನ್ ಹತ್ರಾನೂ ಇಟ್ಕೊ" ಅಂದರು. ಮಾಡಿಸಿದ್ದೀನಿ. ಬೀರುವಿನ ಮೇಲಿನ ಖಾನೆಯಲ್ಲಿದೆ, ಹೆಂಡತಿಗೂ ತೋರಿಸಿಟ್ಟಿದ್ದೀನಿ.